ಗೃಹಸ್ಥನ ಪಿಸ್ತೂಲು

ಕಡಬ, ಗುಬ್ಬಿ, ಕುಣಿಗಲ್ ಸೀಮೆಯ ತೆಂಗು-ಅಡಿಕೆ ತೋಟಗಳ ನಡುವಿನ ಎಷ್ಟೋ ಒಂಟಿ ಮನೆಗಳಲ್ಲಿ ಈಗ ವಯಸ್ಸಾದ ದಂಪತಿಗಳಷ್ಟೇ ಉಳಿದಿದ್ದಾರೆ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಪಕ್ಕದ ಮನೆ ಕೂಗಳತೆಗಿಂತ ದೂರ, ನಡುರಾತ್ರಿ ನಾಯಿ ಬೊಗಳಿದರೆ ಎದ್ದು ಕೂತವರಿಗೆ ಮತ್ತೆ ನಿದ್ದೆ ಹತ್ತುವುದಿಲ್ಲ. ಅಂಥ ಮನೆಯಲ್ಲಿ ‘ಒಂದು ಪಿಸ್ತೂಲು ಇಟ್ಟುಕೊಂಡರೆ ಹೇಗೆ’ ಎಂಬ ಯೋಚನೆ ಸುಳಿದರೆ ಅದನ್ನು ಕ್ರೌರ್ಯವೆಂದು ತಳ್ಳಿಹಾಕುವುದು ಅನ್ಯಾಯ. ಯೋಚನೆ ಬಲಿತ ಮೇಲೆ ಮಾತೆಲ್ಲ ಆಯ್ಕೆಯ ಕಡೆಗೆ ಹೊರಳುತ್ತದೆ. ಹಿಡಿಯಲು ಸರಳವಾದ ರಿವಾಲ್ವರೋ, ಹೆಚ್ಚು ಗುಂಡು ಹಿಡಿಸುವ ಪಿಸ್ತೂಲೋ? ಪಾಯಿಂಟ್ 32ರ ಗುಂಡು ಸಾಕೋ? ಮುದುಕರ ಕೈ ಅದರ ಒದೆತ ತಡೆದೀತೋ? ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇವಕ್ಕೂ ಮೊದಲು ಇತ್ಯರ್ಥವಾಗಬೇಕಾದ ಧರ್ಮಪ್ರಶ್ನೆಯೊಂದಿದೆ. ಆಪತ್ತಿನಲ್ಲಿ ಕೊಲ್ಲಬಹುದೇ ಎಂಬ ಪ್ರಶ್ನೆ ಹಳೆಯದು, ಅದಕ್ಕೆ ಉತ್ತರವೂ ಸಿಕ್ಕಿದೆ. ಆಪತ್ತು ಬರುವ ಮೊದಲೇ, ಬಾರದೆಯೂ ಹೋಗಬಹುದಾದ ಒಂದು ರಾತ್ರಿಗಾಗಿ, ದಿನವೂ ಕೊಲ್ಲಲು ಅಣಿಯಾಗಿ ಬದುಕಬಹುದೇ ಎಂಬುದು ನನ್ನ ಪ್ರಶ್ನೆ.

ಈ ಪ್ರಶ್ನೆಗೆ ಇದೇ ಸೀಮೆಯ ಹಳೆಯ ಶಾಸನವೊಂದರಿಂದ ದಾರಿ ಹುಡುಕುತ್ತೇನೆ. ಕಡಬದಲ್ಲಿ ಸಿಕ್ಕ ರಾಷ್ಟ್ರಕೂಟರ ಪ್ರಸಿದ್ಧ ತಾಮ್ರಶಾಸನವೊಂದು ಶಕ 735ರದು, ಅಂದರೆ ಕ್ರಿ.ಶ. 812-13ರ ಸುಮಾರಿನದು. ಕುನುಂಗಿಲ್ ದೇಶವನ್ನು, ಅಂದರೆ ಇಂದಿನ ಕುಣಿಗಲ್ ಸೀಮೆಯನ್ನು, ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿಪೀಡೆ ತಗುಲಿತ್ತು. ಅದನ್ನು ಅರ್ಕಕೀರ್ತಿ ಎಂಬ ಜೈನ ಮುನಿ ಪರಿಹರಿಸಿದ್ದಕ್ಕಾಗಿ ರಾಷ್ಟ್ರಕೂಟ ದೊರೆ ಮೂರನೇ ಗೋವಿಂದ ಜಿನಾಲಯಕ್ಕೆ ಜಾಲಮಂಗಲ ಎಂಬ ಊರನ್ನು ದತ್ತಿ ಬಿಟ್ಟನೆಂದು ಅದು ಹೇಳುತ್ತದೆ. ಸೇನೆ, ಕತ್ತಿ, ಕಾವಲು ಎಲ್ಲವೂ ಕೈಯಳತೆಯಲ್ಲಿದ್ದವನು ತನ್ನ ಭಯ ಕಳೆದುಕೊಳ್ಳಲು ಹೋದದ್ದು ಆಯುಧವನ್ನೇ ಮುಟ್ಟದ ಮುನಿಯ ಬಳಿಗೆ. ಇದರಿಂದ ದೊಡ್ಡ ತೀರ್ಮಾನವೇನನ್ನೂ ನಾನು ತೆಗೆಯುತ್ತಿಲ್ಲ. ನನಗೆ ಬೇಕಾಗಿರುವುದು ಆ ಮುನಿಯ ಪರಂಪರೆ ವಿಮಲಾದಿತ್ಯನಂಥ ಆಯುಧಧಾರಿಗಳಿಗೆ, ಅವನ ಸೀಮೆಯ ಒಕ್ಕಲಿಗ ವರ್ತಕರಿಗೆ ಏನು ಹೇಳಿತು ಎಂಬುದು. ಮುನಿಗೆ ವಿಧಿಸಿದ ಅಹಿಂಸೆಯನ್ನು ಜೈನ ಚಿಂತಕರು ಗೃಹಸ್ಥನ ಮೇಲೆ ಹೇರಲಿಲ್ಲ. ಅಡುಗೆ, ಕಸ ಗುಡಿಸುವುದು ಮುಂತಾದ ಮನೆಗೆಲಸದಲ್ಲಿ ಆಗುವುದು ಆರಂಭೀ ಹಿಂಸೆ. ಬೇಸಾಯ, ಕಸುಬುಗಳಲ್ಲಿ ಆಗುವುದು ಉದ್ಯೋಗೀ ಹಿಂಸೆ. ಮೈಮೇಲೆ ಬಿದ್ದವನನ್ನು ಎದುರಿಸುವಾಗ ಆಗುವುದು ವಿರೋಧೀ ಹಿಂಸೆ. ಈ ಮೂರನ್ನೂ ಗೃಹಸ್ಥ ಪೂರ್ತಿ ಬಿಡಲಾರ ಎಂದು ಒಪ್ಪಿ, ಕೊಲ್ಲಬೇಕೆಂದೇ ಮನಸ್ಸು ಮಾಡಿ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಮಾತ್ರ ಅವನಿಗೆ ಸಂಪೂರ್ಣ ನಿಷೇಧಿಸಿದರು. ಇರುವೆಯನ್ನೂ ತುಳಿಯಬಾರದೆಂದವರೇ ಆತ್ಮರಕ್ಷಣೆಗೆ ಇಷ್ಟು ಜಾಗ ಬಿಟ್ಟಿರುವಾಗ, ‘ಅಹಿಂಸೆ ಅಂದರೆ ಕಳ್ಳನಿಗೆ ಕತ್ತು ಕೊಡುವುದೇ?’ ಎಂಬ ಸಿಟ್ಟಿನ ಪ್ರಶ್ನೆಗೆ ಆಧಾರವಿಲ್ಲ.

ಹಾಗಾದರೆ ಪಿಸ್ತೂಲಿಗೂ ಆ ವಿರೋಧೀ ಹಿಂಸೆಯ ರಿಯಾಯಿತಿ ಸಲ್ಲಬೇಕಲ್ಲವೇ? ನನ್ನ ವಾದ ಕವಲೊಡೆಯುವುದು ಇಲ್ಲಿಯೇ. ವಿರೋಧೀ ಹಿಂಸೆಗೆ ಕ್ಷಮೆಯಿರುವುದು ಅದು ಎದುರಾದ ಗಳಿಗೆಗೆ ಕೊಟ್ಟ ಉತ್ತರವಾದ್ದರಿಂದ. ಕೈಗೆ ಸಿಕ್ಕ ದೊಣ್ಣೆಯನ್ನೋ ಮಚ್ಚನ್ನೋ ಎತ್ತಿದವನಲ್ಲಿ ಮುಂಚಿನ ಸಂಕಲ್ಪವಿಲ್ಲ. ಆ ಮಚ್ಚು ಕಾಯಿ ಕೆತ್ತಲು ಇದ್ದದ್ದು. ಹಂದಿಯಿಂದ ಬೆಳೆ ಕಾಯಲು ಲೈಸೆನ್ಸ್ ಪಡೆದ ಬಂದೂಕಿಗೂ ಹೊಲದಲ್ಲಿ ಒಂದು ಕೆಲಸವಿದೆ. ರಕ್ಷಣೆಗೆಂದು ಕೊಂಡ ಪಿಸ್ತೂಲಿಗೆ ಬೇರೆ ಕೆಲಸವೇ ಇಲ್ಲ. ಹಂದಿ ಚಿರತೆಗಳಿಗೆ ಅದು ಒದಗದು. ಹತ್ತಿರದಲ್ಲಿ ನಿಂತ ಮನುಷ್ಯನೊಬ್ಬನೇ ಅದರ ಗುರಿ. ಜೈನ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥ ಬಿಡಬೇಕಾದ ಅನರ್ಥದಂಡಗಳನ್ನು, ಅಂದರೆ ನಿಷ್ಪ್ರಯೋಜಕ ಪಾಪಕಾರ್ಯಗಳನ್ನು, ಹೇಳುವಾಗ, ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗಿಡುವುದರ ಜೊತೆಗೇ ಅಪಧ್ಯಾನವನ್ನೂ ಸೇರಿಸಿದ್ದಾರೆ. ಇನ್ನೊಬ್ಬನ ವಧೆಯನ್ನು, ಬಂಧನವನ್ನು ಮನಸ್ಸಿನಲ್ಲೇ ಚಿಂತಿಸುತ್ತಿರುವುದೇ ಅಪಧ್ಯಾನ. ಪಿಸ್ತೂಲು ಇಟ್ಟುಕೊಂಡವನು ಅದನ್ನು ನಿಜಕ್ಕೂ ಬಳಸಬಲ್ಲವನಾಗಬೇಕಾದರೆ ಬಾಗಿಲಲ್ಲಿ ನೆರಳು ಕಂಡರೆ ಎಲ್ಲಿ ನಿಲ್ಲಬೇಕು, ಎಲ್ಲಿಗೆ ಗುರಿಯಿಡಬೇಕು, ಎಷ್ಟು ಗುಂಡು ಹಾರಿಸಬೇಕು ಎಂದು ಮತ್ತೆ ಮತ್ತೆ ಕಲ್ಪಿಸಿ ಅಭ್ಯಾಸ ಮಾಡಲೇಬೇಕು. ಮಾಡಿದರೆ ಶಾಸ್ತ್ರ ಬಿಡು ಎಂದ ಧ್ಯಾನವೇ ದಿನಚರಿಯಾಗುತ್ತದೆ. ಮಾಡದಿದ್ದರೆ ಬೀರುವಿನಲ್ಲಿರುವುದು ಯಾರನ್ನೂ ಕಾಯದ, ಮನೆಯವರಿಗೇ ಅಪಾಯವಾದ ವಸ್ತು. ಈ ಇಕ್ಕಟ್ಟಿನಿಂದ ಪಾರುಮಾಡುವ ಮಾಡೆಲ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇದು ಜೈನರಿಗಷ್ಟೇ ತೋರಿದ ಸೂಕ್ಷ್ಮವಲ್ಲ. ಶಿಂಷಾ ನದಿಗೆ ಕಟ್ಟೆ ಹಾಕಿ ಮಾಡಿದ ಕಡಬದ ದೊಡ್ಡ ಕೆರೆಯನ್ನು, ಲಂಕೆಯಿಂದ ಮರಳುತ್ತಿದ್ದ ರಾಮನೇ ಕಟ್ಟಿಸಿದನೆಂದು ಸ್ಥಳಪುರಾಣ ಹೇಳುತ್ತದೆ. ಆ ರಾಮನೊಡನೆ ಸೀತೆ ಇದೇ ವಿಷಯಕ್ಕೆ ವಾದ ಮಾಡಿದ್ದುಂಟು. ವಾಲ್ಮೀಕಿಯ ಅರಣ್ಯಕಾಂಡದಲ್ಲಿ, ದಂಡಕಾರಣ್ಯ ಹೊಗುವಾಗ, ಅವಳು ಒಬ್ಬ ತಪಸ್ವಿಯ ಕಥೆ ಹೇಳುತ್ತಾಳೆ. ಇಂದ್ರನು ಯೋಧನ ವೇಷದಲ್ಲಿ ಬಂದು ತನ್ನ ಕತ್ತಿಯನ್ನು ಅವನಲ್ಲಿ ಜೋಪಾನಕ್ಕೆಂದು ಇಡುತ್ತಾನೆ. ನಂಬಿ ಇಟ್ಟದ್ದು ಕಳೆದುಹೋದೀತೆಂದು ತಪಸ್ವಿ ಹಣ್ಣು ಗೆಡ್ಡೆ ತರಲು ಹೋಗುವಾಗಲೂ ಅದನ್ನು ಬಿಡುವುದಿಲ್ಲ. ಹೊತ್ತು ಹೊತ್ತು ಅವನ ಮನಸ್ಸು ಕ್ರೌರ್ಯಕ್ಕೆ ತಿರುಗುತ್ತದೆ, ತಪಸ್ಸು ಹಾಳಾಗುತ್ತದೆ, ಕೊನೆಗೆ ನರಕ ಸೇರುತ್ತಾನೆ. ಅವನು ಕೆಟ್ಟವನೆಂದು ಸೀತೆ ಎಲ್ಲೂ ಹೇಳುವುದಿಲ್ಲ. ಅವನ ಉದ್ದೇಶವೂ ರಕ್ಷಣೆಯೇ. ಇಟ್ಟುಕೊಂಡವನ ಉದ್ದೇಶ ಎಷ್ಟೇ ಶುದ್ಧವಾಗಿದ್ದರೂ ಒಡನಾಟ ತನ್ನ ಕೆಲಸ ಮಾಡುತ್ತದೆ ಎಂಬುದು ಅವಳ ವಾದದ ಬಲ.

ರಾಮ ಅದಕ್ಕೆ ಕೊಟ್ಟ ಉತ್ತರವೇ ನನ್ನ ವಾದಕ್ಕೂ ಅತಿ ಗಟ್ಟಿಯಾದ ಆಕ್ಷೇಪ. ನೊಂದವರ ಮೊರೆ ಕೇಳಬಾರದೆಂದೇ ಕ್ಷತ್ರಿಯರು ಬಿಲ್ಲು ಹಿಡಿಯುವುದು, ಶರಣು ಬಂದ ಋಷಿಗಳಿಗೆ ನಾನು ಮಾತು ಕೊಟ್ಟಿದ್ದೇನೆ ಎನ್ನುತ್ತಾನೆ ಅವನು. ನಮ್ಮ ವೀರಗಲ್ಲುಗಳು ಸಾರುವುದೂ ಇದನ್ನೇ: ತುರುಗೊಳ್, ಪೆಣ್ಬುಯ್ಯಲ್, ಊರಳಿವು ಎಂದು ಊರಿನ ದನಗಳಿಗಾಗಿ, ಹೆಣ್ಣುಮಕ್ಕಳ ಮಾನಕ್ಕಾಗಿ, ಊರಿಗಾಗಿ ಆಯುಧ ಹಿಡಿದು ಸತ್ತವರಿಗೆ ಕಲ್ಲು ನಿಲ್ಲಿಸಿ ಸ್ವರ್ಗ ಕೊಟ್ಟ ನಾಡಿದು. ಅದನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಆ ಬಿಲ್ಲಿನ ಹಿಂದೆ ಬೇರೆಯವರಿಗೆ ಕೊಟ್ಟ ಮಾತಿತ್ತು, ಎಲ್ಲರ ಕಣ್ಣೆದುರಿನ ಹೊಣೆಯಿತ್ತು. ಕದ ಹಾಕಿಕೊಂಡು ತನ್ನ ಭಯದ ಜೊತೆ ಒಬ್ಬನೇ ಕೂತವನ ಆಯುಧಕ್ಕೆ ಅವೆರಡೂ ಇಲ್ಲ. ಕೊಡಗಿನ ಉದಾಹರಣೆ ಕೊಡುವವರಿಗೂ ಇದನ್ನೇ ಹೇಳುತ್ತೇನೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ರಾಜ್ಯದ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಅಲ್ಲಿ ಹುಟ್ಟಿಗೂ ಸಾವಿಗೂ ಕೋವಿಯ ಸದ್ದುಂಟು, ಕೈಲ್‌ಪೊಳ್ದ್ ಹಬ್ಬದ ದಿನ ಒಕ್ಕದ, ಅಂದರೆ ಮನೆತನದ, ಹಿರಿಯರ ಮುಂದೆ ಅದಕ್ಕೆ ಪೂಜೆಯುಂಟು. ಆಯುಧವನ್ನು ಒಬ್ಬನ ಮನಸ್ಸಿಗೆ ಬಿಟ್ಟುಕೊಡದೆ ಇಡೀ ಒಕ್ಕವೇ ಕಟ್ಟುಪಾಡಿನಲ್ಲಿ ಇಟ್ಟುಕೊಂಡಿದೆ. ಆ ಕಟ್ಟುಪಾಡು ಪಿಸ್ತೂಲಿನ ಡಬ್ಬಿಯೊಳಗೆ ಬರುವುದಿಲ್ಲ.

ಧರ್ಮದ ಮಾತು ಹಾಗಿರಲಿ, ಜೀವ ಉಳಿದರೆ ಸಾಕು ಎನ್ನುವವರುಂಟು. ಕಾನೂನು ಅವರ ಕಡೆಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ, ರಾತ್ರಿ ಮನೆಗೆ ಕನ್ನ ಹಾಕಿದವನ ಮೇಲೆ ಆ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗಬಹುದು. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಮಿತಿಯೂ ಅಲ್ಲೇ ಇದೆ. ಇನ್ನು ಜೀವ ಉಳಿಯುವ ಮಾತು. ಕ್ಯಾಲಿಫೋರ್ನಿಯಾದ 2 ಕೋಟಿ 60 ಲಕ್ಷಕ್ಕೂ ಹೆಚ್ಚು ಜನರನ್ನು 2004ರಿಂದ 2016ರವರೆಗೆ ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಿಸ್ತೂಲು ಹೊಂದಿದ ಗಂಡಸರು ಗುಂಡು ಹಾರಿಸಿಕೊಂಡು ಸಾಯುವ ಸಂಭವ ಇಲ್ಲದವರಿಗಿಂತ ಸುಮಾರು 8 ಪಟ್ಟು, ಹೆಂಗಸರಲ್ಲಿ ಸುಮಾರು 35 ಪಟ್ಟು ಕಂಡಿತು. ಕಾನ್ಪುರದ ಆಯುಧ ಕಾರ್ಖಾನೆ 2014ರಲ್ಲಿ ಹೆಂಗಸರ ರಕ್ಷಣೆಗೆಂದೇ ಅರ್ಧ ಕಿಲೋ ತೂಕದ ‘ನಿರ್ಭೀಕ್’ ರಿವಾಲ್ವರ್ ತಂದ ದೇಶದಲ್ಲಿ ಈ ಅಂಕಿ ನನ್ನನ್ನು ಬಾಧಿಸುತ್ತದೆ. ಅಮೆರಿಕದ ಲೆಕ್ಕ ಗುಬ್ಬಿ ತಾಲ್ಲೂಕಿಗೆ ಹಾಗೆಯೇ ಹೊಂದದು ಎಂದರೆ ಒಪ್ಪುತ್ತೇನೆ; ಪ್ರಮಾಣ ಬೇರೆಯಾದೀತು. ಆದರೆ ಬೆಳೆ ಕೈಕೊಟ್ಟ ವರ್ಷ, ಸಾಲ, ಸಂಗಾತಿಯನ್ನು ಕಳೆದುಕೊಂಡ ಮನೆಯ ಮೌನ ನಮ್ಮಲ್ಲೂ ಇವೆ. ಕೈಗೆಟುಕುವ ಗುಂಡು ಅಂಥ ಒಂದು ದುರ್ಬಲ ಗಳಿಗೆಗೆ ಎರಡನೇ ಯೋಚನೆಯ ಅವಕಾಶ ಕೊಡುವುದಿಲ್ಲ.

ಹೊರಗಿನ ಶತ್ರುವಿನ ವಿಷಯದಲ್ಲೂ ಭರವಸೆ ತೆಳುವಾದದ್ದು. ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯ ಬಾಗಿಲಲ್ಲೇ ಕೊಂದರು. ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರ ರಾತ್ರಿ ಅವರ ಮನೆಯ ಮುಂದೆಯೇ ಕೊಂದರು. ಈ ನಷ್ಟದ ನೋವು ಕನ್ನಡಕ್ಕೆ ಇನ್ನೂ ಆರಿಲ್ಲ. ಎರಡರಲ್ಲೂ ಮೊದಲು ನಿರ್ಧರಿಸಿ ಬಂದವನಿಗೇ ಆಯುಧ ಒದಗಿತು. ಬಾಗಿಲು ತೆರೆಯುವವರಿಗೆ, ಬೀಗ ತೆಗೆಯುತ್ತಿರುವವರಿಗೆ ಮನೆಯೊಳಗಿನ ಪಿಸ್ತೂಲು ಆ ಕ್ಷಣಗಳಲ್ಲಿ ಏನು ಮಾಡೀತು?

ಇಷ್ಟಾದರೂ ಪಿಸ್ತೂಲೇ ಅಧರ್ಮವೆಂದು ನಾನು ಹೇಳಲಾರೆ. ಇಂಥವನಿಂದ ಬೆದರಿಕೆ ಇದೆ ಎಂದು ಖಚಿತವಾಗಿ ಗೊತ್ತಿರುವವನು, ದೂರು ಕೊಟ್ಟೂ ರಕ್ಷಣೆ ಸಿಗದವನು ಆಯುಧ ಪಡೆದರೆ ಅವನನ್ನು ದೂಷಿಸುವ ಹಕ್ಕು ನನಗಿಲ್ಲ. ಆದರೆ ಅವನೂ ಅದನ್ನು ಅವಧಿಯುಳ್ಳ ವ್ರತದಂತೆ ಹಿಡಿಯಲಿ, ಬೆದರಿಕೆ ಮುಗಿದ ದಿನ ಇಳಿಸಲಿ. ಒಂಟಿ ಮನೆಯ ಉಳಿದವರಿಗೆ ಗಟ್ಟಿ ಬಾಗಿಲು, ಅಂಗಳದ ದೀಪ, ನಾಯಿ, ಹಗಲು ಒಮ್ಮೆಯಾದರೂ ಬಂದು ಹೋಗುವ ನೆರೆಯವರು, ಕರೆದರೆ ಬರುವ ಬೀಟ್ ಪೊಲೀಸರು ಬೇಕು. ಇವುಗಳನ್ನು ಒದಗಿಸದೆ ಮುದುಕರ ಕೈಗೆ ರಿವಾಲ್ವರ್ ಕೊಡುವ ಊರು ತನ್ನ ಹೊಣೆಯನ್ನು ಅವರ ಮನಸ್ಸಿನ ಮೇಲೆ ಹೇರುತ್ತದೆ. ಈಗಾಗಲೇ ಇಟ್ಟುಕೊಂಡವರಿಗೆ ಪರೀಕ್ಷೆಯ ಅವಕಾಶ ತಾನಾಗಿಯೇ ಬರುತ್ತದೆ. ಚುನಾವಣೆ ಘೋಷಣೆಯಾದಾಗ ಲೈಸೆನ್ಸ್ ಇರುವ ಆಯುಧಗಳನ್ನು ಠಾಣೆಗೆ ಒಪ್ಪಿಸುವಂತೆ ಸಾಮಾನ್ಯವಾಗಿ ಆದೇಶ ಬರುತ್ತದೆ. ಫಲಿತಾಂಶ ಬರುವವರೆಗಿನ ಆ ವಾರಗಳಲ್ಲಿ ತಮ್ಮ ನಿದ್ದೆ, ಬಾಗಿಲು ಬಡಿದಾಗ ಮೊದಲು ಹುಟ್ಟುವ ಯೋಚನೆ, ಅಪರಿಚಿತರೊಡನೆ ಆಡುವ ಮಾತು ಹೇಗಿವೆ ಎಂದು ಅವರು ಗಮನಿಸಲಿ. ಭಯ ಹೆಚ್ಚದಿದ್ದರೆ, ಮನಸ್ಸು ಹಗುರಾಗಿದ್ದರೆ, 5 ವರ್ಷಕ್ಕೊಮ್ಮೆ ಬರುವ ನವೀಕರಣದ ಅರ್ಜಿಯನ್ನು ತುಂಬದೆ ಬಿಡಬಹುದು.