ದನಿ ಒಳಗೆ, ಮನುಷ್ಯ ಹೊರಗೆ

ಒಬ್ಬರ ಹಾಡನ್ನು ಮೆಚ್ಚಿ, ಹಾಡಿದವರನ್ನು ಹೊಸ್ತಿಲ ಹೊರಗೆ ನಿಲ್ಲಿಸುವುದು ಸಾಧ್ಯವೇ? ಸಾಧ್ಯ. ನಮ್ಮ ದೇಶದಲ್ಲಿ ಇದು ತಲತಲಾಂತರದಿಂದ ನಡೆದುಕೊಂಡು ಬಂದಿದೆ. ಹಾಗಾದರೆ ಆ ಮೆಚ್ಚುಗೆಗೆ ಏನು ಬೆಲೆ? ಕೇಳಿದವನ ಮೇಲೆ ಹಾಡಿದವನ ಸಾಲ ಏನಾದರೂ ಉಂಟೋ ಇಲ್ಲವೋ? ರೊಕ್ಕ ಕೊಟ್ಟು ರೆಕಾರ್ಡು ಕೊಂಡ ಕೂಡಲೇ ಆ ಸಾಲ ತೀರಿಹೋಯಿತೇ? ಈ ಪ್ರಶ್ನೆಯನ್ನು ನಾವು ಸಂಗೀತದ ಪಂಡಿತರಿಗೆ ಬಿಟ್ಟುಕೊಡಬೇಕಾಗಿಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಊರುಗಳಲ್ಲಿ ಹಲಗಿ ಬಾರಿಸುವವರು, ಸನಾದಿ ಊದುವವರು, ಭಜನಿ ಹಾಡುವವರು ನಮ್ಮ ನಡುವೆಯೇ ಇದ್ದಾರೆ. ಇದು ನಮ್ಮ ದಿನನಿತ್ಯದ ಪ್ರಶ್ನೆ.

ಆದರೂ ಇದನ್ನು ಮೊದಲು ಸ್ವಲ್ಪ ದೂರದಿಂದ ನೋಡೋಣ. 1940ರ ದಶಕದಲ್ಲಿ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿ, ಮಿಂಟನ್ಸ್ ಎಂಬ ಕ್ಲಬ್ಬಿನಂಥ ಕಡೆ, ರಾತ್ರಿ ದುಡಿಮೆ ಮುಗಿಸಿ ಬಂದ ವಾದ್ಯಗಾರರು ಸೇರಿ ಒಂದು ಹೊಸ ಬಗೆಯ ಜಾಝ್ ಸಂಗೀತ ಕಟ್ಟಿದರು. ಅದಕ್ಕೆ ಬಿಬಾಪ್ ಎಂದು ಹೆಸರು ಬಿತ್ತು. 'ಹೊಟ್ಟಿಗೆ ಹಿಟ್ಟಿಲ್ಲದವರಿಗೆ ಅಮೆರಿಕದ ಜಾಝ್ ಯಾತಕ್ಕ ಬೇಕ್ರಿ?' ಎಂದು ಗೆಳೆಯರು ಕೇಳಬಹುದು. ಕೇಳಲಿ. ಆದರೆ ಈ ರೆಕಾರ್ಡುಗಳು ಹೊರಬರುತ್ತಿದ್ದ ಕಾಲದಲ್ಲೇ, 1946ರಲ್ಲಿ, ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅವರ ಪಾಡಿಗೂ ಅಸ್ಪೃಶ್ಯರ ಪಾಡಿಗೂ ಇರುವ ಹೋಲಿಕೆಯನ್ನು ಎತ್ತಿ ಹೇಳಿದ್ದರು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್‌ಗಳು ತಮ್ಮ ಹೆಸರನ್ನೇ ಅಲ್ಲಿಂದ ತಂದರು. ಅವರ ನೋವು ನಮಗೆ ಗೊತ್ತು ಅನ್ನುವವರು ಅವರ ದನಿಗೂ ಸ್ವಲ್ಪ ಕಿವಿ ಕೊಡಬೇಕು.

ಅದಕ್ಕೆ ಮೊದಲು ಜಾಝ್ ಎಂದರೆ ದೊಡ್ಡ ಮೇಳ. ಹದಿನೈದು ಹದಿನಾರು ಜನ ಸಾಲಾಗಿ ಕೂತು, ಬರೆದುಕೊಟ್ಟಿದ್ದನ್ನು ನುಡಿಸುವುದು, ಎದುರಿಗೆ ಜೋಡಿಗಳು ಕುಣಿಯುವುದು. ಬಿಬಾಪ್ ಮೇಳದಲ್ಲಿ ನಾಲ್ಕೈದೇ ಜನ. ಒಂದು ಸ್ಯಾಕ್ಸೊಫೋನ್, ಒಂದು ಟ್ರಂಪೆಟ್, ಪಿಯಾನೋ, ದೊಡ್ಡ ಬಾಸ್ ತಂತಿವಾದ್ಯ, ಡ್ರಮ್ಮು. ಇಲ್ಲಿ ಪ್ರತಿಯೊಬ್ಬನಿಗೂ ತನ್ನ ಸರದಿ ಬರುತ್ತದೆ. ಒಬ್ಬ ತನಗೆ ತೋಚಿದ್ದನ್ನು ನುಡಿಸುವಾಗ ಉಳಿದವರು ಕೆಳಗಿನಿಂದ ಆತು ಹಿಡಿಯುತ್ತಾರೆ. ಓಟವೋ ವಿಪರೀತ. ಈ ಓಟಕ್ಕೆ ಕುಣಿಯುವುದು ಕಷ್ಟ, ಕೂತು ಕೇಳಬೇಕು. ಬಿಳಿಯರ ಮುಂದೆ ಹಲ್ಲು ಕಿರಿದು ರಂಜಿಸುವ ಆಳಿನ ಪಾತ್ರ ಈ ಹುಡುಗರಿಗೆ ಬೇಡವಾಗಿತ್ತು.

1945ರ ನವೆಂಬರ್ 26ರಂದು ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ, ಮ್ಯಾಕ್ಸ್ ರೋಚ್, ಕರ್ಲಿ ರಸೆಲ್, ಹತ್ತೊಂಬತ್ತರ ಹುಡುಗ ಮೈಲ್ಸ್ ಡೇವಿಸ್ ಮೊದಲಾದವರು ಸವಾಯ್ ಕಂಪನಿಗಾಗಿ ರೆಕಾರ್ಡು ಮಾಡಿದರು. ಅದರಲ್ಲಿ 'ಕೋ-ಕೋ' ಎಂಬುದು ಮೂರು ನಿಮಿಷವೂ ಇಲ್ಲ. ಅದರ ಹಂದರ 1938ರ 'ಚೆರೋಕಿ' ಎಂಬ ಜನಪ್ರಿಯ ಹಾಡಿನದು, ರಾಗ ಮಾತ್ರ ಪೂರ್ತಿ ಬೇರೆ. ನಮ್ಮ ಭಜನಿಯವರು ಹಳೆಯ ಮಟ್ಟು ಇಟ್ಟುಕೊಂಡು ಹೊಸ ಪದ ಕಟ್ಟುತ್ತಾರೆ. ಇವರು ಹಳೆಯ ಹಂದರ ಇಟ್ಟುಕೊಂಡು ಮಟ್ಟನ್ನೇ ಹೊಸದಾಗಿ ಕಟ್ಟಿದರು. ಕಾನೂನಿನ ಪ್ರಕಾರ ಮಟ್ಟಿಗೆ ಒಡೆಯನಿದ್ದ, ಹಂದರಕ್ಕೆ ಇರಲಿಲ್ಲ. ಹೀಗೆ ಮಾಡಿದರೆ ಕಂಪನಿಗೂ ಮೂಲ ಹಾಡಿನವರಿಗೆ ರೊಕ್ಕ ಕೊಡುವುದು ಉಳಿಯುತ್ತಿತ್ತು. ಅದೇ ದಿನ ಮಾಡಿದ 'ನೌಸ್ ದ ಟೈಮ್' ಎಂಬ ಪಾರ್ಕರನ ಮಟ್ಟು 1949ರಲ್ಲಿ 'ಹಕಲ್‌ಬಕ್' ಎಂಬ ಕುಣಿತದ ಹಾಡಾಗಿ ಬೇರೆಯವರ ಹೆಸರಿನಲ್ಲಿ ದೇಶವೆಲ್ಲ ಮೊಳಗಿತು. ಮಾಡಿದವನೊಬ್ಬ, ಉಂಡವನೊಬ್ಬ.

ಈ ಹೊಸ ಸಂಗೀತದ ಮೊದಲ ವರ್ಷಗಳ ರೆಕಾರ್ಡು ಹುಡುಕಿದರೆ ಬಹುಪಾಲು ಸಿಗುವುದಿಲ್ಲ. ಕಾರಣ ಮುಷ್ಕರ. 1942ರ ಆಗಸ್ಟ್ 1ರಿಂದ ಅಮೆರಿಕದ ವಾದ್ಯಗಾರರ ಸಂಘ ರೆಕಾರ್ಡು ಮಾಡುವುದನ್ನೇ ನಿಲ್ಲಿಸಿತು. 'ನಮ್ಮ ದನಿಯನ್ನು ತಟ್ಟೆಗೆ ಹಾಕಿ ಸಾವಿರ ಸಲ ಮಾರುತ್ತೀರಿ, ಆ ತಟ್ಟೆ ತಿರುಗಿದ ಕಡೆ ನಮಗೆ ಕೆಲಸ ಇಲ್ಲದಾಗುತ್ತದೆ, ಅದಕ್ಕೆ ಪರಿಹಾರ ಕೊಡಿ' ಎಂಬುದು ಅವರ ವಾದದ ತಿರುಳು. ದೊಡ್ಡ ಕಂಪನಿಗಳಲ್ಲಿ ಕೊನೆಯವು ಮಣಿದದ್ದು 1944ರ ನವೆಂಬರಿನಲ್ಲಿ. ಆ ಎರಡು ವರ್ಷ ಸಂಗೀತ ನಿಂತಿರಲಿಲ್ಲ, ರೆಕಾರ್ಡು ನಿಂತಿತ್ತು. ಕೇಳುವವನ ಮೇಲೆ ಸಾಲ ಇದೆ ಎಂಬುದನ್ನು ಆ ಕೂಲಿಕಾರರು ಹೀಗೆ ಸುಮ್ಮನಿದ್ದು ಹೇಳಿದರು.

ರೊಕ್ಕದ ಸಾಲವಾದರೂ ಸ್ವಲ್ಪ ತೀರೀತು. ಇನ್ನೊಂದು ಸಾಲ ಇದೆ. 1959ರ ಆಗಸ್ಟಿನಲ್ಲಿ ಮೈಲ್ಸ್ ಡೇವಿಸ್ ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ. ನಡುವೆ ಹೊರಗೆ ಬಂದು ಬಾಗಿಲ ಬಳಿ ನಿಂತಿದ್ದಾಗ ಪೊಲೀಸರು ಅಲ್ಲಿಂದ ಹೋಗು ಎಂದರು. ತಾನು ಇಲ್ಲೇ ಕೆಲಸ ಮಾಡುವವನು ಎಂದು ಬಾಗಿಲ ಮೇಲಿನ ತನ್ನ ಹೆಸರನ್ನು ತೋರಿಸಿದ. ತಲೆ ಒಡೆದು ರಕ್ತ ಸುರಿಯುವಂತೆ ಹೊಡೆದರು. ಒಳಗೆ ಅವನ ದನಿಗೆ ಟಿಕೆಟ್ಟು, ಹೊರಗೆ ಅವನ ತಲೆಗೆ ಲಾಠಿ.

ಈಗ ನಮ್ಮ ಸೀಮೆಗೆ ಬರೋಣ. ಹಾನಗಲ್ ಎಂಬ ಹೆಸರನ್ನು ಲೋಕಕ್ಕೆಲ್ಲ ಕೇಳಿಸಿದವರು ಗಂಗೂಬಾಯಿ. ಅವರು 1913ರ ಮಾರ್ಚ್ 5ರಂದು ಹುಟ್ಟಿದ್ದು ಧಾರವಾಡದಲ್ಲಿ, ಹಾನಗಲ್ ಅವರ ಹಿರೀಕರ ಊರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಹಾಡುಗಾರ್ತಿ. ಗಂಗಾಮತದ, ಹಾಡುವ ಹೆಣ್ಣುಮಕ್ಕಳ ಮನೆತನ. ಬ್ರಾಹ್ಮಣರ ಓಣಿಯಲ್ಲಿ ಬೆಳೆದ ಈ ಹುಡುಗಿ ನೆರೆಯವರ ಹಿತ್ತಲಿನ ಮಾವಿನಕಾಯಿಗೆ ಕೈ ಹಾಕಿದಾಗ, ಹಾಡುವವಳ ಮಗಳು ತಮ್ಮ ಹಿತ್ತಲಿಗೆ ಕಾಲಿಟ್ಟಳಲ್ಲ ಎಂದು ಬೈಸಿಕೊಂಡಳು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದವರಲ್ಲಿ ಹನ್ನೊಂದು ವರ್ಷದ ಆಕೆಯೂ ಇದ್ದಳು. ಆ ಹುಡುಗಿಗೆ ಇದ್ದ ಅಂಜಿಕೆ ಶ್ರುತಿ ತಪ್ಪೀತು ಎಂಬುದಲ್ಲ. ಕೆಳಜಾತಿಯವಳೆಂದು ಊಟ ಆದಮೇಲೆ ತನಗೆ ಎಂಜಲು ಬಳಿಯಲು ಹೇಳಿಯಾರೋ ಎಂಬುದು. ಇದನ್ನು ಅವರೇ ಮುಂದೆ ನೆನಪು ಮಾಡಿಕೊಂಡಿದ್ದಾರೆ.

1930ರ ದಶಕದಲ್ಲಿ ಅವರ ದನಿ ಎಚ್‌.ಎಂ.ವಿ. ತಟ್ಟೆಗೆ ಏರಿತು. ಮೊದಮೊದಲ ತಟ್ಟೆಗಳ ಮೇಲಿನ ಹೆಸರು ಗಾಂಧಾರಿ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆ, ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರಲ್ಲೇ ಮುಗಿಸಬೇಕು. ಇಲ್ಲಿಯೂ ಮೇಳ ಚಿಕ್ಕದು, ಹಾಡುವವರ ಜೊತೆ ಸಾಥಿಗೆ ಇಬ್ಬರು ಮೂವರು. ಆಗಿನ ದನಿ ತೆಳುವಾದ, ಎತ್ತರದ ದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅದು ಗಂಡುದನಿಯಂತೆ ತುಂಬಿಕೊಂಡಿತು. ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಓಡಾಡಿ ಅವರು ಆ ದನಿಯನ್ನು ದುಡಿಸಿ ಗಟ್ಟಿಮಾಡಿದರು.

ನಾವು ಕೇಳುವುದು ಇಷ್ಟೇ. ಆ ಕಾಲದಲ್ಲಿ ಗ್ರಾಮಫೋನು ಇದ್ದ ಮನೆಗಳು ಎಂಥವು? ಉಳ್ಳವರ, ಬಹುಪಾಲು ಮೇಲುಜಾತಿಯವರ ಮನೆಗಳು. ಹಾಡುವ ಹೆಣ್ಣುಮಗಳು ನಡುಮನೆಗೆ ಬಂದರೆ ಮೈಲಿಗೆ. ಆಕೆಯ ತಟ್ಟೆ ಬಂದರೆ ಮೈಲಿಗೆ ಇಲ್ಲ! ಸೂಜಿ ಇಟ್ಟರೆ ಹಾಡುತ್ತದೆ, ಎತ್ತಿದರೆ ಸುಮ್ಮನಾಗುತ್ತದೆ. ನೀರು ಕೇಳುವುದಿಲ್ಲ, ಪಂಕ್ತಿಯಲ್ಲಿ ಕೂಡುವುದಿಲ್ಲ. ಜಾತಿ ಬಲ್ಲವನಿಗೆ ಇದಕ್ಕಿಂತ ಅನುಕೂಲದ ಹಾಡುಗಾರ್ತಿ ಬೇರೆ ಬೇಕೇ? ಯಂತ್ರ ಜಾತಿಯನ್ನು ಒಡೆಯುತ್ತದೆ ಎಂದು ನಂಬುವ ಗೆಳೆಯರು ಇದನ್ನು ಯೋಚಿಸಬೇಕು. ತಟ್ಟೆ ಆಕೆಯ ದನಿಯನ್ನು ಊರೂರಿಗೆ ಒಯ್ದು ಅನ್ನ ಕೊಟ್ಟಿತು, ಹೆಸರು ಕೊಟ್ಟಿತು, ಅದು ಸುಳ್ಳಲ್ಲ. ಬಾಗಿಲು ತೆರೆಯುವ ಕೆಲಸವನ್ನು ಮಾತ್ರ ಯಂತ್ರ ಮಾಡಲಿಲ್ಲ, ಅದನ್ನು ಮನುಷ್ಯರೇ ಮಾಡಬೇಕು. 2002ರಲ್ಲಿ ಪದ್ಮವಿಭೂಷಣ ಬಂದ ಮೇಲೂ ಗಂಗೂಬಾಯಿಯವರು ಬಾಯಿಯಾಗಿಯೇ ಉಳಿದರು. ಗಂಡಸಾದರೆ ಪಂಡಿತ, ಉಸ್ತಾದ ಆಗುತ್ತಾನೆ, ಹೆಂಗಸು ಬಾಯಿಯಾಗಿಯೇ ಇರುತ್ತಾಳೆ ಎಂದು ಅವರೇ ಹೇಳಿದ್ದುಂಟು. 2009ರ ಜುಲೈ 21ರಂದು ಅವರು ತೀರಿಕೊಂಡರು.

ಈ ಚಾಳಿ ಗ್ರಾಮಫೋನಿಗಿಂತ ಹಳೆಯದು. ಶಿಗ್ಗಾವಿ ತಾಲ್ಲೂಕಿನ ಬಾಡದ ಕನಕದಾಸರ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಉಡುಪಿಯಲ್ಲಿ ಅವರ ಹಾಡಿಗೆ ದೇವರೇ ತಿರುಗಿ ನಿಂತ ಎನ್ನುತ್ತಾರೆ. ದೇವರು ತಿರುಗಿದ, ಸರಿ. ಪೂಜಾರಿ ಬಾಗಿಲು ತೆಗೆದನೇ? ಗೋಡೆಯ ಕಿಂಡಿಯನ್ನು ಪವಾಡವೆಂದು ಪೂಜಿಸುವವರು ಈ ಪ್ರಶ್ನೆ ಕೇಳುವುದಿಲ್ಲ.

ಅದೇ ತಾಲ್ಲೂಕಿನಲ್ಲಿ ಇನ್ನೊಂದು ಕಥೆಯೂ ಇದೆ. ಶಿಶುವಿನಹಾಳದ ಶರೀಫರು (1819–1889) ಮುಸಲ್ಮಾನರ ಮನೆಯ ಮಗ, ಅವರ ಗುರು ಕಳಸದ ಗೋವಿಂದಭಟ್ಟರು. ಭಟ್ಟರು ಶಿಷ್ಯನ ಪದ ಮೆಚ್ಚಿ ಸುಮ್ಮನೆ ಕೂರಲಿಲ್ಲ. ಜೊತೆಗೆ ಉಂಡರು, ಜೊತೆಗೆ ತಿರುಗಿದರು, ತಮ್ಮ ಜಾತಿಯವರ ಬೈಗುಳ ಬಹಿಷ್ಕಾರ ಎರಡನ್ನೂ ತಿಂದರು ಎಂದು ಜನ ಇಂದಿಗೂ ಹೇಳುತ್ತಾರೆ. ಕೇಳಿದವನ ಸಾಲ ತೀರುವುದು ಹೀಗೆ. ಕೇಳಿದ್ದಕ್ಕಾಗಿ ತಾನೂ ಏನನ್ನಾದರೂ ಕಳೆದುಕೊಳ್ಳಲು ಸಿದ್ಧನಾದವನು ಮಾತ್ರ ನಿಜವಾಗಿ ಕೇಳಿದವನು.

ಇನ್ನು ನಮ್ಮ ಕೇರಿಯ ಹಲಗಿ. ಜಾತ್ರೆಗೆ ಹಲಗಿ ಬೇಕು, ಕಾಮಣ್ಣನ ಹಬ್ಬಕ್ಕೆ ಬೇಕು, ಹೆಣ ಎತ್ತಲು ಬೇಕು, ಡಂಗುರಕ್ಕೆ ಬೇಕು. ಬಾರಿಸಿದವನಿಗೆ ದೂರದಿಂದ ಎಸೆದ ಕಾಳು. ಇದು ಕಲೆಯ ಹೆಸರಿನ ಬಿಟ್ಟಿ ಚಾಕರಿ. ಅದಕ್ಕೇ ದಲಿತ ಚಳವಳಿಯ ಕಾಲದಲ್ಲಿ ಎಷ್ಟೋ ಕೇರಿಗಳ ಹುಡುಗರು 'ಇನ್ನ ಬಾರಿಸೂದಿಲ್ಲ' ಎಂದರು. ಅದೇ ಚಳವಳಿಯ ಜಾಥಾಗಳಲ್ಲಿ ಹಲಗಿ, ತಮಟೆ ಮುಂದೆ ಮುಂದೆ ನಡೆದವು. ಹಲಗಿಯನ್ನು ಬೆಂಕಿಗೆ ಹಾಕಬೇಕೋ, ಬೆಂಕಿಗೆ ಹಿಡಿದು ಕಾಯಿಸಬೇಕೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಎರಡೂ ಒಂದೇ ಸ್ವಾಭಿಮಾನದ ಮಾತುಗಳು. ಗೌಡನ ಮನೆಯ ಹೆಣಕ್ಕೆ ಬಾರಿಸಲಾರೆ ಅನ್ನುವವನು 1942ರ ಮುಷ್ಕರದವರ ತಮ್ಮ. ನಮ್ಮ ಸಭೆಗೆ, ನನ್ನ ಇಚ್ಛೆಗೆ ಬಾರಿಸುತ್ತೇನೆ ಅನ್ನುವವನು ಹಾರ್ಲೆಮ್ಮಿನ ರಾತ್ರಿಯವರ ತಮ್ಮ. ತೀರ್ಮಾನ ಹಲಗಿ ಹಿಡಿದ ಕೈಯದು. 'ಅಯ್ಯೋ, ಜಾನಪದ ಕಲೆ ಸಾಯ್ತದಲ್ರಿ' ಎಂದು ಮರುಗುವವರು, ಆ ಕಲಾವಿದ ತಮ್ಮ ಮನೆಯ ಪಡಸಾಲೆಯಲ್ಲಿ ಕೂತು ಚಹಾ ಕುಡಿದಿದ್ದಾನೆಯೇ ಎಂದು ಮೊದಲು ಎದೆ ಮುಟ್ಟಿ ಹೇಳಲಿ.

ಹಾಡಿಗೆ ತಲೆದೂಗುವ ಕಿವಿ ಅಳಲಿಗೆ ಕಿವುಡಾಗಿರಬಲ್ಲದು. 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ತಾವು ಬಹುಕಾಲ ವಾಸವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದನ್ನು ವಿರೋಧಿಸಿ, ಬಹಿರಂಗವಾಗಿ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ಊರಿನ ಹೊಲಸನ್ನು ತಲೆಮೇಲೆ ಹೊತ್ತವರ ಬಾಯಿಮಾತು ಯಾರಿಗೂ ಕೇಳಿಸಿರಲಿಲ್ಲ. ಅಷ್ಟು ಆದಮೇಲೆ ನಾಡಿಗೆ ಕೇಳಿಸಿತು. ಮನುಷ್ಯ ಮಾತಾಡಿದಾಗ ಕೇಳದವನು ಮನುಷ್ಯ ಹಾಡಿದಾಗ ಕೇಳುತ್ತಾನೆ ಎಂಬುದನ್ನು ನಾವು ನಂಬುವುದು ಹೇಗೆ?

ಹಿರೇಕೆರೂರು ತಾಲ್ಲೂಕಿನ ಅಬಲೂರಿನವನೆಂದು ಹೇಳುವ ಸರ್ವಜ್ಞನ ತ್ರಿಪದಿಗಳನ್ನು ನಮ್ಮ ಮಾಸ್ತರರು ಬಾಯಿಪಾಠ ಮಾಡಿಸುತ್ತಾರೆ. ಜಾತಿಯನ್ನು ಕೆಣಕಿದ ಪದ್ಯವನ್ನು ಒಪ್ಪಿಸಿದ ಮಕ್ಕಳು ಮಧ್ಯಾಹ್ನದ ಊಟಕ್ಕೆ ಹೇಗೆ ಕೂಡುತ್ತಾರೆ ಎಂಬುದನ್ನೂ ಅವರೇ ನೋಡಬೇಕು. ಪಾಠದ ಪರೀಕ್ಷೆ ಅಲ್ಲಿದೆ.

ಇಂದು ಪ್ರತಿ ವಿದ್ಯಾರ್ಥಿಯ ಜೇಬಿನಲ್ಲೂ ರೆಕಾರ್ಡು ಮಾಡುವ ಯಂತ್ರ ಇದೆ. ಕೇರಿಯ ಹಲಗಿ, ಅಜ್ಜಿಯ ಸೋಬಾನೆ, ಭಜಂತ್ರಿಯವರ ಸನಾದಿ ಎಲ್ಲವನ್ನೂ ಮೂರು ನಿಮಿಷಕ್ಕೆ ಕತ್ತರಿಸಿ ಲೋಕಕ್ಕೆ ಹಂಚಬಹುದು. ಹಂಚುವ ಮೊದಲು ಕೇಳಿರಿ: 'ಯಜ್ಜಾ, ಹಿಡಕೊಳ್ಳಲೇನು?' ಬೇಡ ಎಂದರೆ ಬಿಡಿರಿ. ಹೂಂ ಎಂದರೆ ಹೆಸರು, ಊರು ಬರೆಯಿರಿ, ರೊಕ್ಕ ಬಂದರೆ ಪಾಲು ಕೊಡಿರಿ. ಶಾಲೆಗೆ ಕರೆದರೆ ಮುಂಬಾಗಿಲಿನಿಂದ ಕರೆದು ಕುರ್ಚಿ ಹಾಕಿರಿ. ಹಾಡು ಚೆನ್ನಾಗಿತ್ತು ಎಂದು ಯಾರಾದರೂ ಹೊಗಳಿದಾಗ, ಹಾಡಿದವರು ಆಮೇಲೆ ಎಲ್ಲಿ ಕೂತು ಉಂಡರು ಎಂದು ನಾವು ಕೇಳೋಣ.