ಹರಕೆಯ ಋಣ

ಮನೆಯಲ್ಲಿ ಕಷ್ಟವೊದಗಿದಾಗ, ಇದೊಂದು ನಿವಾರಣೆಯಾದರೆ ನಿನ್ನ ಕ್ಷೇತ್ರಕ್ಕೆ ಬಂದು ಸೇವೆ ಸಲ್ಲಿಸುವೆನೆಂದು ಸಂಕಲ್ಪಿಸಿ ಮುಡಿಪು ಕಟ್ಟಿಡುವುದು ನಮ್ಮ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಸಂಪ್ರದಾಯ. ಬೇಡಿದ್ದು ಕೈಗೂಡಿದರೆ ಹರಕೆಯನ್ನು ತೀರಿಸತಕ್ಕದ್ದೇ. ಆಡಿದ ಮಾತನ್ನು ನಡೆಸುವುದು ಸತ್ಯಪಾಲನೆ. ಆದರೆ ಕೈಗೂಡದೆ ಹೋದರೆ? ಪತಿಯ ಆರೋಗ್ಯಕ್ಕಾಗಿ ಹರಕೆ ಹೊತ್ತ ಗೃಹಿಣಿಯು ಪತಿಯನ್ನೇ ಕಳೆದುಕೊಂಡರೆ, ದೇವರ ಮನೆಯ ಗೂಡಿನಲ್ಲಿರುವ ಆ ಮುಡಿಪಿನ ಗತಿಯೇನು? ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವವರು ವಿರಳ. ಮನಸ್ಸಿನಲ್ಲಿಟ್ಟುಕೊಂಡು ನೊಂದವರು ಬಹಳ.

ಇದನ್ನು ವಿಚಾರಿಸುವುದಕ್ಕೆ ನಮ್ಮ ಬೆಳಗಾವಿ ಸೀಮೆಯ ಹಲಸಿ ಕ್ಷೇತ್ರವೇ ತಕ್ಕ ಸ್ಥಳ. ಬೆಳಗಾವಿಯಿಂದ ಖಾನಾಪುರಕ್ಕೆ ಬಂದು, ನಂದಗಡದ ಹಾದಿಯಾಗಿ ಮುಂದೆ ಹೋದರೆ, ಪಲಾಶಿಕಾ ಎಂಬ ಹೆಸರಿನಿಂದ ಹಿಂದೆ ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಾಗಿದ್ದ ಈ ಗ್ರಾಮವು ಸಿಗುತ್ತದೆ. ಇಲ್ಲಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಗೋವೆಯ ಕದಂಬ ದೊರೆ ಪೆರ್ಮಾಡಿಯು 1169ರಲ್ಲಿ ಇಲ್ಲಿಯ ನರಸಿಂಹನಿಗೆ ಭೂಮಿಯನ್ನು ದತ್ತಿ ಬಿಟ್ಟ ಸಂಗತಿ ಶಾಸನದಲ್ಲಿದೆ. (ಆ ದೊರೆಯ ಬಿರುದು 'ಶಿವಚಿತ್ತ' ಎಂಬುದೂ ಗಮನಿಸತಕ್ಕದ್ದು.) ಇತ್ತ ಭೂದೇವಿಯನ್ನು ಎತ್ತಿ ಹಿಡಿದ ವರಾಹದೇವನು ನಿಂತಿದ್ದಾನೆ. ಪ್ರಳಯಜಲದಿಂದ ಇಡೀ ಪೃಥ್ವಿಯನ್ನೇ ಎತ್ತಿ ತಂದವನಿಗೆ ಅರಸನು ಕೊಡುವ ಭೂಮಿಯಾದರೂ ಯಾವುದು? ಅವನದನ್ನೇ ಅವನಿಗೆ ಒಪ್ಪಿಸಿದಂತಾಯಿತು. ಅರಸನ ಹೊಲಕ್ಕೆ ಸಲ್ಲುವ ಈ ಮಾತು ನಮ್ಮ ಹನ್ನೊಂದು ರೂಪಾಯಿಗೂ ಒಂದು ದಳ ತುಳಸಿಗೂ ಸಲ್ಲುತ್ತದೆ.

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಶ್ರೀಹರಿಯೊಬ್ಬನೇ ಸ್ವತಂತ್ರನು, ಗುಣಪೂರ್ಣನು, ನಿರ್ದೋಷನು. ಪೂರ್ಣನಿಗೆ ಕೊರತೆಯಿಲ್ಲ, ಕೊರತೆಯಿಲ್ಲದವನೊಡನೆ ವ್ಯಾಪಾರವು ಸಾಧ್ಯವಿಲ್ಲ. ಜನರಿಗೆ ಮಾಡುವ ಶುಶ್ರೂಷೆಯನ್ನು ಆಚಾರ್ಯರು ಅರಸನಿಗೆ ಸಲ್ಲಿಸುವ ಕರಕ್ಕೆ ಹೋಲಿಸಿದ್ದಾರೆ. ಬಹಳ ಅರ್ಥಗರ್ಭಿತವಾದ ಹೋಲಿಕೆಯಿದು. ಕರ ಕಟ್ಟಿದ ಮಾತ್ರಕ್ಕೆ ಅರಸನು ಪ್ರಜೆಗೆ ಋಣಿಯಾಗುವುದಿಲ್ಲ. ಕಟ್ಟಿದವನನ್ನು ಅರಸನು ಮತ್ತೆ ಪೀಡಿಸುವುದೂ ಇಲ್ಲ. ಹಾಸಿಗೆ ಹಿಡಿದ ಪತಿಗೆ ಹಗಲಿರುಳು ಶುಶ್ರೂಷೆ ಮಾಡಿದ ಆ ಗೃಹಿಣಿ, ಭಗವಂತನಿಗೆ ಸಲ್ಲತಕ್ಕದ್ದನ್ನು ಆಗಲೇ ಸಲ್ಲಿಸಿದ್ದಾಳೆ.

ಹರಕೆ ಉಳಿಸಿಕೊಂಡರೆ ದೇವರು ಕಾಡುತ್ತಾನೆಂದು ಶೋಕದ ಮನೆಯಲ್ಲಿ ಕುಳಿತು ಹೇಳುವ ಹಿರಿಯರುಂಟು. ಅವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಬಾಕಿ ವಸೂಲಿಗೆ ಬೆನ್ನುಹತ್ತುವವನು ದೇವರೆಂದರೆ ಅವನ ನಿರ್ದೋಷತ್ವಕ್ಕೆ ಕುಂದು ಹೇಳಿದಂತಾಗುವುದಿಲ್ಲವೇ? ಬೇಡಿದ್ದು ನಡೆಯದ ಹರಕೆಯು ಋಣವಲ್ಲವೆಂದೇ ನಮ್ಮ ಅಭಿಪ್ರಾಯ.

ಹಾಗಾದರೆ ಹರಕೆ ಹೊರುವುದೇ ತಪ್ಪೆಂದು ತಿಳಿಯಬೇಕಾಗಿಲ್ಲ. ಗೀತೆಯು ಆರ್ತನನ್ನೂ ಭಕ್ತರ ಸಾಲಿನಲ್ಲಿಯೇ ಸೇರಿಸಿದೆ. ಕಷ್ಟದಲ್ಲಿ ಅವನನ್ನು ಬೇಡುವುದೆಂದರೆ ಅವನ ಸ್ವಾತಂತ್ರ್ಯವನ್ನು ಒಪ್ಪಿದಂತೆ. ಒಪ್ಪಿದ ಮೇಲೆ, ಕೊಡದಿರುವ ಸ್ವಾತಂತ್ರ್ಯವೂ ಅವನದೇ. ಇದನ್ನು ಬರೆಯುವುದು ಸುಲಭ, ಆ ಮನೆಯಲ್ಲಿದ್ದು ಒಪ್ಪುವುದು ಸುಲಭವಲ್ಲ.

ಆಕೆಗೆ ಎಂದಾದರೊಮ್ಮೆ ಹೋಗಬೇಕೆನಿಸಿದರೆ, ವೈಶಾಖ ಶುದ್ಧ ಚತುರ್ದಶಿಯ ನರಸಿಂಹ ಜಯಂತಿಗೋ, ಖಾನಾಪುರದ ಮಳೆ ನಿಂತ ಮೇಲೆ ಕಾರ್ತಿಕದಲ್ಲೋ ಹೋಗಿ ಮುಡಿಪನ್ನು ಒಪ್ಪಿಸಲಿ. ಸಂಕಲ್ಪದಲ್ಲಿ ಏನನ್ನೂ ಬೇಡಬೇಕಾಗಿಲ್ಲ. ಹೋಗಲಾಗದಿದ್ದರೆ ಆ ಹಣವು ಇನ್ನೊಬ್ಬ ರೋಗಿಯ ಔಷಧಕ್ಕೆ ಸಲ್ಲಲಿ. ಯಾವಾಗ ಹೋಗುವಿರಿ ಎಂದು ಮಾತ್ರ ನೆರೆಹೊರೆಯವರು ಆಕೆಯನ್ನು ಕೇಳದಿರಲಿ.

|| ಶ್ರೀಕೃಷ್ಣಾರ್ಪಣಮಸ್ತು ||