ಸಡಿಲಿಸಿದ ತಂತಿ

ಬಾಸೆಲ್‌ನಲ್ಲಿ ರೈಲು ಹತ್ತಿದಾಗ ನಮ್ಮ ಬೋಗಿಯಲ್ಲಿ ಕಪ್ಪು ಟೀ ಶರ್ಟಿನವನು ಒಬ್ಬನೇ ಇದ್ದ. ಫ್ರಾಂಕ್‌ಫರ್ಟಿನಲ್ಲಿ ನಾಲ್ವರು ಸೇರಿಕೊಂಡರು. ಹ್ಯಾಂಬರ್ಗಿನಲ್ಲಿ ಗಾಡಿ ಬದಲಿಸಿ ಇಟ್ಸೆಹೋ ಕಡೆಗೆ ಹೊರಡುವ ಹೊತ್ತಿಗೆ, ಡೇರೆ, ಚಾಪೆ ಸುರುಳಿ, ಬಿಯರ್ ಕ್ಯಾನುಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಹಳ್ಳಗಳು ಕೂಡಿ ಹೊಳೆಯಾಗುವುದನ್ನು ಒಂದೇ ಹಗಲಿನಲ್ಲಿ ಕಂಡೆ. ವಿಮಾನದಲ್ಲಿ ಬಂದಿದ್ದರೆ ತುಂಬಿದ ಹೊಳೆಯಷ್ಟೇ ಕಾಣುತ್ತಿತ್ತು.

ಹೊರಟಿದ್ದದ್ದು ವಾಕೆನ್‌ಗೆ. ಉತ್ತರ ಜರ್ಮನಿಯ ಆ ಹಳ್ಳಿಯಲ್ಲಿರುವವರು ಎರಡು ಸಾವಿರದಷ್ಟು ಜನ. 1990ರಲ್ಲಿ ಆರು ತಂಡ, ಸುಮಾರು 800 ಕೇಳುಗರೊಂದಿಗೆ ಶುರುವಾದ ಮೆಟಲ್ ಸಂಗೀತದ ಉತ್ಸವಕ್ಕೆ ಈಗ 85,000 ಮಂದಿ ಬರುತ್ತಾರೆ. ಇಟ್ಸೆಹೋದಲ್ಲಿ ಇಳಿದು ಬಸ್ಸು ಹಿಡಿಯಬೇಕು.

ನನ್ನೆದುರು ಅರವತ್ತು ದಾಟಿದವರೊಬ್ಬರು ಕುಳಿತಿದ್ದರು. ಮಡಿಲಲ್ಲಿ ತೋಳಿಲ್ಲದ ಜೀನ್ಸ್ ಕೋಟು. ಅಲ್ಲಿಯವರು ಅದನ್ನು ಕುಟ್ಟೆ ಅನ್ನುತ್ತಾರೆ. ಮೆಚ್ಚಿದ ತಂಡಗಳ ಬಟ್ಟೆಯ ಲಾಂಛನಗಳನ್ನು ಅದರ ಮೇಲೆ ಒಂದೊಂದಾಗಿ ಹೊಲಿಯುತ್ತಾ ಹೋಗುವುದು ವಾಡಿಕೆ. ಅದನ್ನು ಒಗೆಯದಿರುವುದೂ ಕೆಲವರ ವ್ರತ. ಇವರು ತಗಡಿನ ಪುಟ್ಟ ಡಬ್ಬಿಯಿಂದ ಸೂಜಿ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಮೂರನೆಯ ಸಲಕ್ಕೆ ಕಪ್ಪು ನೂಲು ಪೋಣಿಸಿದರು. ಗಾಡಿ ಕುಲುಕಿದಾಗಲೆಲ್ಲ ಕೈ ತಡೆದು, ನಿಂತು, ಮತ್ತೆ ಒಂದು ಹೊಲಿಗೆ. ಯಾವೂರು ಎಂದು ಕೇಳಿದರು. ಬೆಂಗಳೂರು ಎಂದೆ. ಕೋಟು ತಿರುಗಿಸಿ ಪಕ್ಕೆಯ ಹತ್ತಿರದ ಒಂದು ಲಾಂಛನದ ಮೇಲೆ ಬೆರಳಿಟ್ಟರು: ಕ್ರಿಪ್ಟೋಸ್. 2013ರಲ್ಲಿ ವಾಕೆನ್ ವೇದಿಕೆ ಹತ್ತಿದ ನಮ್ಮ ಬೆಂಗಳೂರಿನ ತಂಡ. ನನಗೆ ಗಂಟಲು ಕಟ್ಟಿತು.

ಇಷ್ಟು ದೂರದಿಂದ ಬಂದು ಈ ಜನ ಕೇಳುವುದಾದರೂ ಏನನ್ನು? ಸಾವು, ಯುದ್ಧ, ಬುದ್ಧಿಭ್ರಮೆ, ಒಂಟಿತನ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತುಗಳೇ ಎಲ್ಲ. ಆದರೆ ಆ ಬೋಗಿಯಷ್ಟು ನೆಮ್ಮದಿಯ ಮುಖಗಳನ್ನು ನಾನು ಬೇರೆಲ್ಲೂ ಒಟ್ಟಿಗೆ ಕಂಡಿಲ್ಲ.

ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾಗುವುದು 1965ರ ಬರ್ಮಿಂಗ್‌ಹ್ಯಾಮ್. ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ 17ರ ಹುಡುಗ ಟೋನಿ ಐಯೋಮಿಗೆ ಅಂದು ಕೆಲಸದ ಕೊನೆಯ ದಿನ. ಅಂದೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಚನಾದ್ದರಿಂದ ಗಿಟಾರಿನ ತಂತಿ ಒತ್ತುತ್ತಿದ್ದುದು ಅದೇ ಕೈಯಲ್ಲಿ. ಮೇಸ್ತ್ರಿಯೊಬ್ಬರು ಜ್ಯಾಂಗೋ ರೈನ್‌ಹಾರ್ಟ್‌ನ ಧ್ವನಿಮುದ್ರಿಕೆ ತಂದು ಕೇಳಿಸಿದರಂತೆ. ಬೆಂಕಿಯಲ್ಲಿ ಎರಡು ಬೆರಳುಗಳ ಬಲ ಕಳೆದುಕೊಂಡೂ ಗಿಟಾರ್ ನುಡಿಸಿದ ಕಲಾವಿದ ಅವನು. ಹುಡುಗ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ತೊಗಲು ಅಂಟಿಸಿದ. ಮುಂದೆ ಬ್ಲ್ಯಾಕ್ ಸಬತ್ ತಂಡದಲ್ಲಿ, ಒತ್ತಲು ಹಗುರಾಗಲೆಂದು, ತಂತಿಗಳನ್ನೇ ಸಡಿಲಿಸಿದ. ಸ್ವರ ಕೆಳಗಿಳಿಯಿತು, ಭಾರವಾಯಿತು. ಇಂದಿಗೂ ಎಷ್ಟೋ ಮೆಟಲ್ ತಂಡಗಳು ತಂತಿಯನ್ನು ಹಾಗೇ ಇಳಿಸಿಕೊಳ್ಳುತ್ತವೆ, ಹತ್ತೂ ಬೆರಳು ನೆಟ್ಟಗಿರುವವರು ಕೂಡ. ಒಬ್ಬನ ಗಾಯ ಎಲ್ಲರ ಶ್ರುತಿಯಾಯಿತು.

ನೋವು ಹೀಗೆ ಕೈದಾಟುವುದಕ್ಕೆ ಹೊತ್ತು ಬೇಕು. ರೈಲು ಆ ಹೊತ್ತನ್ನು ಕೊಡುತ್ತದೆ ಎಂದು ನಾನು ನಂಬುತ್ತೇನೆ. ಎಂಟು ತಾಸು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತವರು ಉತ್ಸವದ ಬಯಲು ಮುಟ್ಟುವ ಮೊದಲೇ ಒಬ್ಬರಿಗೊಬ್ಬರು ಅಪರಿಚಿತರಲ್ಲ.

ಬಯಲಿನಲ್ಲಿ ಮಳೆ ಬಂದಿತ್ತು. 2023ರಲ್ಲಂತೂ ಕೆಸರು ವಿಪರೀತವಾಗಿ, ಒಳಗೆ ಬಿಡುವುದನ್ನೇ ನಿಲ್ಲಿಸಿದ್ದರಿಂದ ದಾರಿಯಲ್ಲಿದ್ದ ಸಾವಿರಾರು ಜನ ಮರಳಬೇಕಾಗಿತ್ತು. ವೇದಿಕೆಯ ಮುಂದೆ ಮೈಗೆ ಮೈ ಡಿಕ್ಕಿ ಹೊಡೆಯುವ ಮಾಷ್ ಪಿಟ್ಟನ್ನು ನೋಡಿದರೆ ಕಾದಾಟವೆನಿಸುತ್ತದೆ. ಅಲ್ಲಿ ಬರೆಯದ ಒಂದು ಕಟ್ಟಳೆಯಿದೆ: ಬಿದ್ದವರನ್ನು ಎತ್ತಬೇಕು. ಕೆಸರಲ್ಲಿ ಕಾಲು ಜಾರಿ ಬಿದ್ದೆ. ಹಾಡು ನಿಲ್ಲಲಿಲ್ಲ, ಆದರೆ ಎಷ್ಟೋ ಕೈಗಳು ಕಂಕುಳಿಗೆ ಬಂದವು. ಯಾರವೆಂದು ತಿರುಗಿ ನೋಡುವಷ್ಟರಲ್ಲಿ ಅವರು ಗುಂಪಿನಲ್ಲಿ ಕಲೆತುಹೋಗಿದ್ದರು.

ಮರಳುವ ರೈಲಿನಲ್ಲಿ ಮಾತೇ ಇರಲಿಲ್ಲ. ಕಿವಿಯಲ್ಲಿ ಗುಂಯ್ ಎನ್ನುವ ನಾದ, ಬೂಟಿನಲ್ಲಿ ಒಣಗಿ ಬಿರಿದ ಕೆಸರು. ಅದೇ ಹಿರಿಯರು ಎರಡು ಸಾಲು ಆಚೆ ಕುಳಿತಿದ್ದರು. ಹುಡುಗಿಯೊಬ್ಬಳು ಬೆನ್ನುಚೀಲದ ಕಿತ್ತ ಪಟ್ಟಿಗೆ ಗಂಟು ಹಾಕಲು ಹೆಣಗುತ್ತಿದ್ದಳು. ಅವರು ಏನೂ ಹೇಳದೆ ಚೀಲವನ್ನು ಮಡಿಲಿಗೆಳೆದುಕೊಂಡು ತಗಡಿನ ಡಬ್ಬಿ ತೆರೆದರು. ಈ ಸಲ ಸೂಜಿಗೆ ನೂಲು ಪೋಣಿಸಿಕೊಟ್ಟವಳು ಅವಳೇ.